ಎಣಿಕೆಗೆ ಸಿಗದ ಕೀಲು: ರುಮಟಾಯ್ಡ್ ಸಂಧಿವಾತದಲ್ಲಿ ದವಡೆಯ ತೊಂದರೆಗಳು

(ರುಮಟಾಯ್ಡ್ ಸಂಧಿವಾತ ಇರುವವರಿಗೂ ಅವರ ಆರೈಕೆ ಮಾಡುವ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನು ತೆಗೆದು, ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ರುಮಟಾಯ್ಡ್ ಸಂಧಿವಾತ ಎಂದೊಡನೆ ನಮಗೆ ನೆನಪಾಗುವುದು ಕೈಬೆರಳಿನ ಗೆಣ್ಣುಗಳು, ಮಣಿಕಟ್ಟು, ಮೊಣಕಾಲು, ಪಾದ. ರೋಗ ಎಷ್ಟು ಚುರುಕಾಗಿದೆ ಎಂದು ಅಳೆಯುವುದಕ್ಕೆ ವೈದ್ಯರು ವ್ಯಾಪಕವಾಗಿ ಬಳಸುವ ಪದ್ಧತಿಯೊಂದರಲ್ಲಿ 28 ಕೀಲುಗಳನ್ನು ಒತ್ತಿ ನೋಡಿ, ನೋವಿರುವವು ಎಷ್ಟು, ಊದಿಕೊಂಡವು ಎಷ್ಟು ಎಂದು ಎಣಿಸುತ್ತಾರೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮೊಣಕಾಲು, ಕೈಬೆರಳುಗಳ 20 ಕೀಲು, ಅಲ್ಲಿಗೆ ಲೆಕ್ಕ ಮುಗಿಯಿತು. ಈ ಪಟ್ಟಿಯಲ್ಲಿ ಪಾದವಿಲ್ಲ, ಕುತ್ತಿಗೆಯಿಲ್ಲ, ದವಡೆಯೂ ಇಲ್ಲ. ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಸ್ಥೆಗಳು ಕೂಡಿ 2010ರಲ್ಲಿ ರೂಪಿಸಿದ ವರ್ಗೀಕರಣದ ಮಾನದಂಡದಲ್ಲಿಯೂ ದವಡೆಯ ಕೀಲಿಗೆ ದೊರೆತಿರುವುದು, ಹತ್ತಕ್ಕಿಂತ ಹೆಚ್ಚು ಕೀಲುಗಳು ಬಾಧಿತವಾದಾಗ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಾದ ಇತರ ಕೀಲುಗಳ ಸಾಲಿನಲ್ಲಿ ಒಂದು ಮೂಲೆಯ ಸ್ಥಾನ.

ಈ ಎಣಿಕೆಯ ಪದ್ಧತಿಯಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಅದು ಬೇಗ ಮುಗಿಯುತ್ತದೆ, ಬೇರೆ ಬೇರೆ ವೈದ್ಯರು ಎಣಿಸಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತದೆ, ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು. ಆದರೆ ಎಣಿಕೆಯಲ್ಲಿ ಇಲ್ಲದ್ದನ್ನು ವೈದ್ಯರು ಕೇಳುವುದಿಲ್ಲ, ವೈದ್ಯರು ಕೇಳದ್ದನ್ನು ರೋಗಿ ಹೇಳುವುದಿಲ್ಲ. ಬಾಯಿಯ ತೊಂದರೆ ಹಲ್ಲಿನ ವೈದ್ಯರಿಗೆ ಸೇರಿದ್ದು ಎಂಬ ಭಾವನೆ ರೋಗಿಗೂ ಇರುತ್ತದೆ, ಒಮ್ಮೊಮ್ಮೆ ವೈದ್ಯರಿಗೂ ಇರುತ್ತದೆ. ಹಲ್ಲಿನ ವೈದ್ಯರು ಹಲ್ಲು ನೋಡಿ, ಹುಳುಕಿಲ್ಲ ಎಂದು ಕಳುಹಿಸುತ್ತಾರೆ. ನೋವು ಕಿವಿಯ ಬಳಿ ಇರುವುದರಿಂದ ಮುಂದಿನ ಹೆಜ್ಜೆ ಕಿವಿಯ ವೈದ್ಯರ ಕಡೆಗೆ. ದವಡೆಯ ಕೀಲಿನ ತೊಂದರೆ ಹೀಗೆ ಕಿವಿಯ ವೇಷ ಹಾಕಿಕೊಂಡು ಬರುವುದು ಹಳೆಯ ಸಂಗತಿ. 1934ರಲ್ಲಿ ಕಿವಿ, ಮೂಗು, ಗಂಟಲಿನ ಕಾಯಿಲೆಗಳ ತಜ್ಞರಾಗಿದ್ದ ಜೇಮ್ಸ್ ಕಾಸ್ಟನ್ ಅವರು ಕಿವಿನೋವು, ಕಿವಿಯೊಳಗಿನ ಮೊರೆತ ಮುಂತಾದ ದೂರುಗಳನ್ನು ದವಡೆಯ ಕೀಲಿನೊಂದಿಗೆ ಜೋಡಿಸಿ ಬರೆದರು. ಅವರು ಕೊಟ್ಟ ಕಾರಣವನ್ನು ಮುಂದಿನವರು ಒಪ್ಪಲಿಲ್ಲ. ಆದರೆ ರೋಗಿಗಳು ಇಂದಿಗೂ ಅದೇ ದಾರಿಯಲ್ಲಿ ಸುತ್ತುತ್ತಿದ್ದಾರೆ.

ಸಂಧಿವಾತ ಇರುವವರಲ್ಲಿ ಎಷ್ಟು ಜನರಿಗೆ ದವಡೆ ಬಾಧಿತವಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿಲ್ಲ. ರೋಗಿಯನ್ನು ನೋವಿದೆಯೇ ಎಂದು ಕೇಳಿದರೆ ಬರುವ ಸಂಖ್ಯೆ ಒಂದು, ಕೀಲನ್ನು ಒತ್ತಿ ನೋಡಿದರೆ ಇನ್ನೊಂದು, ಸಿಟಿ ಅಥವಾ ಎಂಆರ್‌ಐ ಮಾಡಿದರೆ ಮತ್ತೊಂದು. ಹೀಗಾಗಿ ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ ಕೆಲವೇ ಮಂದಿ ಎಂಬಲ್ಲಿಂದ ಹಿಡಿದು ಅರ್ಧಕ್ಕಿಂತಲೂ ಹೆಚ್ಚು ಮಂದಿ ಎಂಬವರೆಗೆ ಅಂಕಿಗಳು ಚೆಲ್ಲಾಡಿವೆ. ನಾನು ಇದರಿಂದ ತೆಗೆದುಕೊಳ್ಳುವ ಅರ್ಥ ಇಷ್ಟು: ಚಿತ್ರದಲ್ಲಿ ಬದಲಾವಣೆ ಕಾಣುವ ಎಲ್ಲರಿಗೂ ನೋವಿರುವುದಿಲ್ಲ, ಹುಡುಕಿದಷ್ಟೂ ಹೆಚ್ಚು ಸಿಗುತ್ತದೆ. ಈ ರೋಗ ದವಡೆಯಿಂದಲೇ ಆರಂಭವಾಗುವುದು ಅಪರೂಪ. ಸಾಮಾನ್ಯವಾಗಿ ಕೈಕಾಲುಗಳ ಕೀಲುಗಳು ಬಾಧಿತವಾದ ಮೇಲೆ, ಅದರಲ್ಲಿಯೂ ರೋಗ ತೀವ್ರವಾಗಿದ್ದು ಬಹುಕಾಲ ಹತೋಟಿಗೆ ಬಾರದೆ ಉಳಿದವರಲ್ಲಿ, ದವಡೆಯ ಸರದಿ ಬರುತ್ತದೆ.

ಈಗ ಕೀಲಿನ ರಚನೆಯನ್ನು ಸ್ವಲ್ಪ ನೋಡೋಣ. ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಬೆರಳ ಕೆಳಗೆ ಸರಿದಾಡುವುದೇ ಕೆಳದವಡೆಯ ಮೇಲ್ತುದಿ. ಅದನ್ನು ಕಾಂಡೈಲ್ ಎನ್ನುತ್ತಾರೆ. ತಲೆಬುರುಡೆಯ ತಳದಲ್ಲಿರುವ ಒಂದು ಕುಳಿಯಲ್ಲಿ ಅದು ಕೂತಿರುತ್ತದೆ. ಇವೆರಡರ ನಡುವೆ ನಾರಿನಂಥ ಅಂಗಾಂಶದ ಒಂದು ತೆಳು ಬಿಲ್ಲೆಯಿದ್ದು, ಅದು ಕೀಲಿನ ಒಳಗನ್ನು ಮೇಲಿನ ಕೋಣೆ, ಕೆಳಗಿನ ಕೋಣೆ ಎಂದು ಎರಡು ಮಾಡುತ್ತದೆ. ಬಾಯಿ ತೆರೆಯಲು ಆರಂಭಿಸಿದಾಗ, ಮೊದಲ ಸುಮಾರು 20ರಿಂದ 25 ಮಿಲಿಮೀಟರ್‌ನಷ್ಟು ದೂರ, ಕಾಂಡೈಲ್ ಕೆಳಗಿನ ಕೋಣೆಯಲ್ಲಿ ಹೆಚ್ಚಾಗಿ ತಿರುಗುತ್ತದೆ. ಇನ್ನೂ ಅಗಲವಾಗಿ ತೆರೆಯುವಾಗ ಬಿಲ್ಲೆಯ ಸಮೇತ ಮುಂದಕ್ಕೆ ಜಾರುತ್ತದೆ. ತಿರುಗುವುದು ಮತ್ತು ಜಾರುವುದು ಎರಡೂ ಸರಿಯಾಗಿ ನಡೆದರೆ ಮಾತ್ರ ಆಕಳಿಕೆ ಪೂರ್ತಿಯಾಗುತ್ತದೆ. ಇನ್ನೊಂದು ವಿಶೇಷವೆಂದರೆ ಎಡ ಮತ್ತು ಬಲ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾಗಿರುವುದು. ಒಂದೇ ಬಾಗಿಲಿನ ಎರಡು ತಿರುಗಣಿಗಳಂತೆ, ಒಂದು ಕೆಟ್ಟರೆ ಇನ್ನೊಂದು ತನ್ನ ಪಾಡಿಗೆ ತಾನು ಚೆನ್ನಾಗಿರಲಾರದು.

ಈ ಕೀಲಿನ ಒಳಗೋಡೆಗೂ ಬೆರಳಿನ ಕೀಲುಗಳಲ್ಲಿರುವಂತೆಯೇ ಸೈನೋವಿಯಂ ಎಂಬ ಪೊರೆಯಿದೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಎರಗುವುದು ಮುಖ್ಯವಾಗಿ ಈ ಪೊರೆಯ ಮೇಲೆ, ಆದ್ದರಿಂದ ಅದು ಇರುವಲ್ಲೆಲ್ಲ ರೋಗಕ್ಕೆ ಅವಕಾಶವಿದೆ. ಉರಿಯೂತದಿಂದ ಪೊರೆ ದಪ್ಪಗಾಗುತ್ತದೆ, ಕೀಲಿನಲ್ಲಿ ನೀರು ತುಂಬಿಕೊಳ್ಳುತ್ತದೆ, ಹೊಸ ರಕ್ತನಾಳಗಳು ಬೆಳೆಯುತ್ತವೆ. ಹೀಗೆ ದಪ್ಪಗಾದ ಅಂಗಾಂಶವನ್ನು ಪ್ಯಾನಸ್ ಎನ್ನುತ್ತಾರೆ. ಅದು ಅಂಚಿನಿಂದ ಒಳಗೆ ಹಬ್ಬುತ್ತಾ, ತಾನು ಸ್ರವಿಸುವ ಕಿಣ್ವಗಳಿಂದ ಮೃದ್ವಸ್ಥಿಯನ್ನೂ ಅದರಡಿಯ ಮೂಳೆಯನ್ನೂ ಸವೆಸುತ್ತದೆ. ನಡುವಿನ ಬಿಲ್ಲೆ ಹರಿಯಬಹುದು, ಕರಗಿಯೂ ಹೋಗಬಹುದು. ಕಾಂಡೈಲಿನ ಗುಂಡನೆಯ ತಲೆ ಚಪ್ಪಟೆಯಾಗುತ್ತದೆ, ಕಾಲಕ್ರಮದಲ್ಲಿ ಗಿಡ್ಡವಾಗುತ್ತದೆ. ಬಹಳ ಮುಂದುವರಿದವರಲ್ಲಿ ಕೀಲಿನ ಎರಡು ಬದಿಗಳೂ ನಾರಿನಂಥ ಅಂಗಾಂಶದಿಂದ, ಅಪರೂಪಕ್ಕೆ ಮೂಳೆಯಿಂದಲೇ ಬೆಸೆದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ರೋಗಿಗೆ ಇದೆಲ್ಲ ಹೇಗೆ ಅನುಭವಕ್ಕೆ ಬರುತ್ತದೆ? ಕಿವಿಯ ಮುಂದೆ ಆಳದಲ್ಲಿ ಮಂದವಾದ ನೋವು, ಅಗಿಯುವಾಗ ಅದು ಹೆಚ್ಚುವುದು, ಬೆಳಿಗ್ಗೆ ಎದ್ದಾಗ ಕೈಬೆರಳಿನಂತೆಯೇ ದವಡೆಯೂ ಬಿಗಿದಿರುವುದು, ಹೊತ್ತೇರಿದಂತೆ ಸಡಿಲವಾಗುವುದು. ಬಾಯಿ ತೆರೆಯುವಾಗ ಮರಳು ತಿಕ್ಕಿದಂಥ ಕರಕರ ಸದ್ದು. ತಲೆನೋವು, ಕಿವಿನೋವು. ಊತ ಹೊರಗೆ ಕಾಣುವುದು ಕಡಿಮೆ, ಆದ್ದರಿಂದ ಗೆಣ್ಣು ಊದಿದ್ದನ್ನು ಮನೆಯವರು ಗಮನಿಸುವಂತೆ ಇದನ್ನು ಯಾರೂ ಗಮನಿಸುವುದಿಲ್ಲ. ನೋವಿರುವ ಕೀಲನ್ನು ಕಾಪಾಡಲು ಅಗಿಯುವ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಹಾಗೆ ಬಿಗಿದ ಸ್ನಾಯುಗಳದೇ ಒಂದು ಪ್ರತ್ಯೇಕ ನೋವು. ಕೆಲವರು ತಮಗೇ ತಿಳಿಯದಂತೆ ತುತ್ತು ಚಿಕ್ಕದು ಮಾಡಿಕೊಂಡು, ಗಟ್ಟಿ ಪದಾರ್ಥ ಬಿಟ್ಟು, ಊಟದ ಸಮಯವನ್ನು ಹಿಗ್ಗಿಸಿಕೊಂಡು ಹೊಂದಿಕೊಂಡಿರುತ್ತಾರೆ; ತೊಂದರೆಯಿದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಆದ್ದರಿಂದ ನೋವಿದೆಯೇ ಎನ್ನುವ ಪ್ರಶ್ನೆಗಿಂತ, ಈಚೆಗೆ ತಿನ್ನುವುದನ್ನು ಬಿಟ್ಟಿರುವ ಪದಾರ್ಥ ಯಾವುದು ಎನ್ನುವ ಪ್ರಶ್ನೆ ಹೆಚ್ಚು ಹೊರಗೆಡವುತ್ತದೆ.

ಹಲ್ಲುಗಳು ಒಂದರ ಮೇಲೊಂದು ಕೂಡುವ ರೀತಿ ಬದಲಾಗುವುದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದು ಇದರ ಸುತ್ತ ಎಂದು ನನ್ನ ಅಭಿಪ್ರಾಯ. ಎರಡೂ ಕಾಂಡೈಲ್‌ಗಳು ಸವೆದು ಗಿಡ್ಡವಾದಾಗ ಕೆಳದವಡೆಯ ಹಿಂಭಾಗ ಮೇಲಕ್ಕೆ ಸರಿದು, ಗಲ್ಲ, ಅಂದರೆ ಗದ್ದ, ಹಿಂದಕ್ಕೂ ಕೆಳಕ್ಕೂ ತಿರುಗುತ್ತದೆ. ಆಗ ಬಾಯಿ ಮುಚ್ಚಿದರೆ ಹಿಂದಿನ ದವಡೆ ಹಲ್ಲುಗಳು ಮಾತ್ರ ಮೊದಲು ತಗಲುತ್ತವೆ, ಮುಂದಿನ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. ಮುಂದಿನ ಹಲ್ಲಿನಿಂದ ತೆಳುವಾದ ಪದಾರ್ಥವನ್ನು ಕಚ್ಚಿ ಹರಿಯಲಾಗುತ್ತಿಲ್ಲ ಎಂಬುದು ಆಗ ಕೇಳಿಬರುವ ದೂರು. ಒಂದೇ ಬದಿ ಹೆಚ್ಚು ಸವೆದರೆ ಬಾಯಿ ತೆರೆಯುವಾಗ ಗಲ್ಲ ಆ ಬದಿಗೆ ವಾಲುತ್ತದೆ, ಮುಖದ ಎರಡು ಬದಿಗಳು ಸಮನಾಗಿ ಕಾಣುವುದಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಸ್ಥಿತಿಯೂ ಇದೆ. ಉರಿಯೂತ ಉಲ್ಬಣಿಸಿ ಕೀಲಿನೊಳಗೆ ನೀರು ತುಂಬಿದಾಗ ಅದು ಕಾಂಡೈಲನ್ನು ಕೆಳಕ್ಕೆ ತಳ್ಳುವುದರಿಂದ ಆ ಬದಿಯ ಹಿಂದಿನ ಹಲ್ಲುಗಳು ಕೆಲ ದಿನಗಳ ಮಟ್ಟಿಗೆ ಕೂಡದೆ ಹೋಗಬಹುದು. ಉರಿಯೂತ ಇಳಿದಾಗ ಅವು ತಾವಾಗಿಯೇ ಮೊದಲಿನಂತೆ ಕೂಡುತ್ತವೆ.

ಇಂಥ ಸಮಯದಲ್ಲಿ ಎತ್ತರವಾಗಿ ತಗಲುತ್ತಿದೆ ಎಂದು ಹಲ್ಲನ್ನು ಉಜ್ಜಿ ತಗ್ಗಿಸುವುದು, ಕ್ಯಾಪ್ ಹಾಕುವುದು, ಸಂದು ಮುಚ್ಚಲು ಹಲ್ಲಿಗೆ ಕ್ಲಿಪ್ ಹಾಕುವುದು ಇವೆಲ್ಲ ಅವಸರದ ಕೆಲಸಗಳು. ತೊಂದರೆಯ ಮೂಲ ಹಲ್ಲಿನಲ್ಲಿಲ್ಲ, ಕೀಲಿನಲ್ಲಿದೆ. ಕೀಲು ಇನ್ನೂ ಬದಲಾಗುತ್ತಿರುವಾಗ ಇಂದು ಹೊಂದಿಸಿದ ಹಲ್ಲು ನಾಳೆ ಮತ್ತೆ ಹೊಂದುವುದಿಲ್ಲ, ಉಜ್ಜಿ ತೆಗೆದ ಹಲ್ಲಂತೂ ಮರಳಿ ಬರುವುದಿಲ್ಲ. ರೋಗ ಹತೋಟಿಗೆ ಬಂದು, ಹಲ್ಲುಗಳು ಕೂಡುವ ರೀತಿ ಕೆಲವು ತಿಂಗಳುಗಳ ಕಾಲ ಬದಲಾಗದೆ ನಿಂತಿದೆ ಎಂದು ಖಚಿತವಾದ ಮೇಲೆ ಇಂಥ ಚಿಕಿತ್ಸೆಗೆ ಕೈಹಾಕುವುದು ಸರಿ. ಹುಳುಕು, ಸೋಂಕು, ವಸಡಿನ ಕಾಯಿಲೆಗಳ ಚಿಕಿತ್ಸೆಯನ್ನು ಮಾತ್ರ ಹೀಗೆ ಮುಂದೂಡಬಾರದು. ಗಲ್ಲ ಹಿಂದೆ ಸರಿದಂತೆ ನಾಲಿಗೆಯ ಹಿಂದಿನ ಉಸಿರಿನ ದಾರಿಯೂ ಕಿರಿದಾಗುವುದುಂಟು. ಮೊದಲು ಇಲ್ಲದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತು ಬೆಚ್ಚಿ ಏಳುವುದು, ಹಗಲಿನ ತೂಕಡಿಕೆ ಕಾಣಿಸಿಕೊಂಡರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ವೈದ್ಯರಿಗೆ ತಿಳಿಸಬೇಕು.

ಇಷ್ಟಾದರೂ, ಸಂಧಿವಾತ ಇರುವವರ ದವಡೆ ನೋವೆಲ್ಲ ಸಂಧಿವಾತದ್ದೇ ಎಂದು ಭಾವಿಸುವುದು ಅಷ್ಟೇ ಅಪಾಯಕಾರಿ. ಹಲ್ಲು ಕಡಿಯುವ ಅಭ್ಯಾಸ, ಬಿಗಿದ ಸ್ನಾಯು, ಜಾರಿದ ಬಿಲ್ಲೆ, ವಯಸ್ಸಿನ ಸವೆತ ಇವು ಸಂಧಿವಾತ ಇಲ್ಲದವರಲ್ಲಿಯೂ ಧಾರಾಳವಾಗಿ ಇವೆ, ಇರುವವರಲ್ಲಿಯೂ ಇರಬಹುದು. ಅವುಗಳಿಂದ ಪ್ರಾಣಾಪಾಯವಿಲ್ಲ. ತಪ್ಪಿಸಿಕೊಳ್ಳಲು ಬಿಡಬಾರದ ಕಾರಣಗಳು ಬೇರೆ ಇವೆ.

ಮೊದಲನೆಯದು ಹೃದಯ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಹೃದಯದ ನೋವು ಎದೆಯಲ್ಲಿ ಮಾತ್ರವಲ್ಲದೆ ದವಡೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಗಿಯುವುದಕ್ಕೂ ಬಾಯಿ ತೆರೆಯುವುದಕ್ಕೂ ಸಂಬಂಧವಿಲ್ಲದೆ, ಮೆಟ್ಟಿಲು ಹತ್ತುವಾಗ ಅಥವಾ ಬಿರುಸಾಗಿ ನಡೆಯುವಾಗ ಬಂದು, ನಿಂತರೆ ಹೋಗುವ ದವಡೆ ನೋವು ಕೀಲಿನದ್ದಲ್ಲ. ಅದರೊಂದಿಗೆ ಬೆವರು, ಉಬ್ಬಸ, ಎದೆಯ ಒತ್ತಡ ಇದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಎರಡನೆಯದು, 50 ದಾಟಿದವರಲ್ಲಿ ಬರುವ, ಕಣತಲೆಯ ಮತ್ತಿತರ ರಕ್ತನಾಳಗಳ ಉರಿಯೂತ. ಇದನ್ನು ಜೈಂಟ್ ಸೆಲ್ ಆರ್ಟರೈಟಿಸ್ ಎನ್ನುತ್ತಾರೆ. ಇಲ್ಲಿ ಮೊದಲ ತುತ್ತಿಗೆ ನೋವಿರುವುದಿಲ್ಲ. ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಹೊಸದಾಗಿ ಬಂದ ತಲೆನೋವು, ತಲೆ ಬಾಚಿದರೂ ನೋಯುವ ನೆತ್ತಿ, ಕಣ್ಣು ಮಂಜಾಗುವುದು ಜೊತೆಗಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುವ ಭಯವಿರುವುದರಿಂದ, ಬಲವಾದ ಅನುಮಾನವಿದ್ದಲ್ಲಿ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಸ್ಟೆರಾಯ್ಡ್ ಆರಂಭಿಸುತ್ತಾರೆ.

ಮೂರನೆಯದು ಸೋಂಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಉಳಿದ ಕೀಲುಗಳು ಶಾಂತವಾಗಿದ್ದು ಒಂದು ದವಡೆಯ ಕೀಲು ಮಾತ್ರ ಹಠಾತ್ತನೆ ಊದಿ, ಬಿಸಿಯಾಗಿ, ಬಾಯಿ ತೆರೆಯಲಾಗದಂತಾದರೆ ಕೀವು ತುಂಬಿರಬಹುದೇ ಎಂದು ನೋಡಲೇಬೇಕು. ಜ್ವರ ಇಲ್ಲದಿರುವುದು ಸಮಾಧಾನದ ಮಾತಲ್ಲ, ಏಕೆಂದರೆ ಅದೇ ಔಷಧಗಳು ಜ್ವರವನ್ನೂ ಮುಚ್ಚಿಡುತ್ತವೆ. ನಾಲ್ಕನೆಯದು ದವಡೆ ಮೂಳೆಯದೇ ತೊಂದರೆ. ಸ್ಟೆರಾಯ್ಡ್‌ನಿಂದ ಮೂಳೆ ಟೊಳ್ಳಾಗುವುದನ್ನು ತಡೆಯಲು ಕೊಡುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧ ಅಥವಾ ಡೆನೊಸುಮ್ಯಾಬ್ ಪಡೆಯುತ್ತಿರುವವರಲ್ಲಿ, ಅಪರೂಪವಾಗಿ, ಹಲ್ಲು ಕಿತ್ತ ಜಾಗ ಮಾಯದೆ ಮೂಳೆ ಹೊರಗೆ ಕಾಣುತ್ತಾ ಉಳಿಯುತ್ತದೆ. ಮೂಳೆ ಗಟ್ಟಿಯಾಗುವ ಈ ಔಷಧಗಳ ಲಾಭ ಅದರ ಅಪಾಯಕ್ಕಿಂತ ಬಹಳ ದೊಡ್ಡದು, ಹೆದರಿ ನಿಲ್ಲಿಸುವ ಅಗತ್ಯವಿಲ್ಲ. ಆದರೆ ಅವನ್ನು ಆರಂಭಿಸುವ ಮುನ್ನ ಹಲ್ಲುಗಳನ್ನು ತೋರಿಸಿಕೊಂಡು, ಕೀಳಬೇಕಾದದ್ದನ್ನು ಕಿತ್ತು ಮುಗಿಸುವುದು ಜಾಣತನ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಅತ್ಯಂತ ಉಪಯುಕ್ತವಾದ ಉಪಕರಣ ಒಂದು ಸಾಧಾರಣ ಅಳತೆ ಪಟ್ಟಿ. ಬಾಯಿಯನ್ನು ನೋವಿಲ್ಲದಷ್ಟು ಅಗಲವಾಗಿ ತೆರೆದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂಚುಗಳ ನಡುವಿನ ಅಂತರವನ್ನು ಅಳೆಯಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. 35ಕ್ಕಿಂತ ಕಡಿಮೆಯಿದ್ದರೆ ಬಾಯಿ ತೆರೆಯುವಿಕೆ ಕುಗ್ಗಿದೆ ಎಂದು ಪರಿಗಣಿಸುತ್ತಾರೆ. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಲ್ಲಿ ತೂರಿಸುವ ಪರೀಕ್ಷೆ ಹೆಸರುವಾಸಿಯೇ, ಆದರೆ ಗೆಣ್ಣುಗಳು ಊದಿ, ಬೆರಳುಗಳು ಸೊಟ್ಟಗಾಗಿರುವವರಿಗೆ ಅದನ್ನು ಸೂಚಿಸುವುದರಲ್ಲಿ ಅರ್ಥವಿಲ್ಲ. ಒಂದು ದಿನದ ಅಳತೆಗಿಂತ ಅಳತೆಯ ಇಳಿಜಾರು ಮುಖ್ಯ. ತಿಂಗಳಿಗೊಮ್ಮೆ, ದಿನದ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಟ್ಟರೆ, 46 ಇದ್ದದ್ದು 39ಕ್ಕೆ ಇಳಿದದ್ದು ಕಣ್ಣಿಗೆ ಬೀಳುತ್ತದೆ. ಬರೆದಿಡದಿದ್ದರೆ 39 ಎಂಬುದು ಸಹಜವಾಗಿಯೇ ತೋರುತ್ತದೆ. ಈ ಒಂದು ಸಾಲನ್ನು ಪ್ರತಿ ಭೇಟಿಯಲ್ಲಿಯೂ ರೋಗಿಯ ಕಡತದಲ್ಲಿ ಬರೆಯುವಂತಾದರೆ 28 ಕೀಲುಗಳ ಎಣಿಕೆಯ ಕೊರತೆಯನ್ನು ಅರ್ಧ ನಿಮಿಷದಲ್ಲಿ ತುಂಬಿಕೊಂಡಂತೆ.

ಚಿತ್ರಗಳಲ್ಲಿ, ಹಲ್ಲಿನ ವೈದ್ಯರು ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸಲು ತೆಗೆಸುವ ಅಗಲವಾದ ಎಕ್ಸ್‌ರೇ ಮೊದಲ ನೋಟಕ್ಕೆ ಸಾಕು, ಆದರೆ ಆರಂಭದ ಬದಲಾವಣೆಗಳು ಅದರಲ್ಲಿ ಕಾಣುವುದಿಲ್ಲ. ಮೂಳೆಯ ಸವೆತವನ್ನು ಸಿಟಿ, ಅದರಲ್ಲಿಯೂ ಕೋನ್ ಬೀಮ್ ಸಿಟಿ ಸ್ಪಷ್ಟವಾಗಿ ತೋರಿಸುತ್ತದೆ. ಉರಿಯೂತ ಈಗ ಇದೆಯೇ, ನೀರು ತುಂಬಿದೆಯೇ, ಬಿಲ್ಲೆಯ ಸ್ಥಿತಿ ಏನು ಎಂಬುದಕ್ಕೆ ಎಂಆರ್‌ಐ ಬೇಕು. ಆಗಿಹೋದ ಹಾನಿಗೂ ಈಗ ನಡೆಯುತ್ತಿರುವ ಉರಿಯೂತಕ್ಕೂ ಚಿಕಿತ್ಸೆ ಬೇರೆಯಾದ್ದರಿಂದ ಈ ವ್ಯತ್ಯಾಸ ಕೇವಲ ವಿದ್ವತ್ತಿನ ವಿಷಯವಲ್ಲ.

ಚಿಕಿತ್ಸೆಯಲ್ಲಿ ಮೊದಲು ನೆನಪಿಡಬೇಕಾದದ್ದು, ದವಡೆಗೆಂದೇ ಪ್ರತ್ಯೇಕವಾದ ಸಂಧಿವಾತದ ಔಷಧ ಇಲ್ಲ ಎನ್ನುವುದು. ಇಡೀ ದೇಹದ ರೋಗವನ್ನು ಹತೋಟಿಗೆ ತರುವ ಔಷಧವೇ ದವಡೆಯನ್ನೂ ಕಾಯುತ್ತದೆ. ಮೆಥೊಟ್ರೆಕ್ಸೇಟ್ ಇವುಗಳಲ್ಲಿ ಮೊದಲ ಸಾಲಿನದು. ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೊರೊಕ್ವಿನ್, ಲೆಫ್ಲುನೊಮೈಡ್, ಅವು ಸಾಲದಾದಾಗ ಬಯಾಲಜಿಕ್ ಚುಚ್ಚುಮದ್ದುಗಳು ಮತ್ತು ಜಾಕ್ ಪ್ರತಿಬಂಧಕ ಮಾತ್ರೆಗಳು ಇವೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ, ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು ಎಂಬ ಮಾತನ್ನು ನಾನು ಸಂದರ್ಭವಿರಲಿ ಇಲ್ಲದಿರಲಿ ಎಲ್ಲ ಸಭೆಗಳಲ್ಲಿಯೂ ಹೇಳುತ್ತೇನೆ. ಅದರಿಂದ ಬಾಯಲ್ಲಿ ಹುಣ್ಣಾಗುವುದುಂಟು. ಜೊತೆಗೆ ಕೊಡುವ ಫೋಲಿಕ್ ಆಮ್ಲ ಅದನ್ನು ತಗ್ಗಿಸುತ್ತದೆ. ಹುಣ್ಣು ಹೆಚ್ಚಾದರೆ ಸಹಿಸಿಕೊಂಡು ಕೂರದೆ ತಿಳಿಸಬೇಕು. ಕೈಕಾಲುಗಳೆಲ್ಲ ಶಾಂತವಾಗಿದ್ದು ದವಡೆಯಲ್ಲಿ ಮಾತ್ರ ಉರಿಯೂತ ಉಳಿದಿದ್ದರೆ, ರೋಗ ಪೂರ್ತಿ ಹತೋಟಿಯಲ್ಲಿದೆ ಎಂದು ಬರೆಯುವ ಮುನ್ನ ಸಂಧಿವಾತ ತಜ್ಞರು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಸರಳ. ನೋವು ಹೆಚ್ಚಿರುವ ದಿನಗಳಲ್ಲಿ ಮೆತ್ತನೆಯ ಆಹಾರ, ಸಣ್ಣ ತುತ್ತು, ಚೂಯಿಂಗ್ ಗಮ್ ಬೇಡ, ಆಕಳಿಸುವಾಗ ಗಲ್ಲದಡಿ ಕೈಯಾಸರೆ. ಬಾಯಿ ಮುಚ್ಚಿದ್ದಾಗ ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ. ದವಡೆಯ ವಿಶ್ರಾಂತಿಯ ಭಂಗಿ ಅದೇ. ಬಿಗಿತಕ್ಕೆ ಬಿಸಿ ಶಾಖ, ಊತ ಹೆಚ್ಚಿದಾಗ ತಣ್ಣನೆಯ ಶಾಖ ಹಿತವೆನಿಸಬಹುದು. ಉಲ್ಬಣ ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ತೋರಿಸಿದ ರೀತಿಯಲ್ಲಿ ಮೆಲ್ಲಗೆ ಬಾಯಿ ತೆರೆಯುವ, ಪಕ್ಕಕ್ಕೆ ಸರಿಸುವ ವ್ಯಾಯಾಮ ಮಾಡದಿದ್ದರೆ ಕೀಲು ಬಿಗಿತಕ್ಕೇ ಒಗ್ಗಿಕೊಳ್ಳುತ್ತದೆ. ಬಲವಂತವಾಗಿ ಏನನ್ನಾದರೂ ತೂರಿಸಿ ಬಾಯಿ ಅಗಲಿಸುವುದು ಬೇಡ. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ವೈದ್ಯರು ಅಳತೆ ತೆಗೆದು ಮಾಡಿಕೊಡುವ ಸ್ಪ್ಲಿಂಟ್, ಅಂದರೆ ಹಲ್ಲುಗಳ ಮೇಲೆ ಕೂರುವ ಕವಚ, ಕೀಲಿನ ಮೇಲಿನ ಭಾರವನ್ನು ಹಗುರಗೊಳಿಸಬಹುದು. ಅದು ರೋಗವನ್ನು ವಾಸಿಮಾಡುವುದಿಲ್ಲ, ಹಾಗೆಂದು ಯಾರಾದರೂ ಹೇಳಿದರೆ ನಂಬಬಾರದು.

ಇಷ್ಟಕ್ಕೂ ಮಣಿಯದ ಕೀಲಿಗೆ ಮುಂದಿನ ಹಂತಗಳಿವೆ. 1991ರಲ್ಲಿ ನಿಟ್ಜಾನ್ ಮತ್ತು ಸಂಗಡಿಗರು ವಿವರಿಸಿದ, ಸೂಜಿಗಳ ಮೂಲಕ ಮೇಲಿನ ಕೋಣೆಯನ್ನು ದ್ರವದಿಂದ ತೊಳೆಯುವ ವಿಧಾನ ಈಗ ರೂಢಿಯಲ್ಲಿದೆ. ಸ್ಥಳೀಯ ಅರಿವಳಿಕೆಯಲ್ಲೇ ಮಾಡಬಹುದು. ಕೀಲಿನೊಳಗೆ ಸ್ಟೆರಾಯ್ಡ್ ಚುಚ್ಚಿದರೆ ನೋವು ಬೇಗ ಇಳಿಯುತ್ತದೆ, ಆದರೆ ಪದೇ ಪದೇ ಚುಚ್ಚಿದರೆ ಕೀಲಿಗೇ ಹಾನಿಯಾಗಬಹುದು. ದವಡೆಯ ಕೀಲಿನೊಳಗೆ ದರ್ಶಕ ನಳಿಕೆಯನ್ನು ತೂರಿಸಿ ನೋಡುವ ಕ್ರಮವನ್ನು ಜಪಾನಿನ ಓನಿಶಿ 1975ರಲ್ಲಿ ಪ್ರಕಟಿಸಿದರು. ಕೀಲು ಪೂರ್ತಿ ನಾಶವಾಗಿ ಬಾಯಿ ತೆರೆಯದಿರುವವರಿಗೆ ಕೃತಕ ಕೀಲಿನ ಜೋಡಣೆ ಇದೆ. ಅದರ ಇತಿಹಾಸದಲ್ಲಿ ಒಂದು ಕಹಿ ಅಧ್ಯಾಯವೂ ಇದೆ. 1980ರ ದಶಕದಲ್ಲಿ ಬಿಲ್ಲೆಯ ಬದಲಿಗೆ ಬಳಸಿದ ಟೆಫ್ಲಾನ್ ಮಿಶ್ರಿತ ವಸ್ತುವೊಂದು ಕೀಲಿನಲ್ಲಿ ಪುಡಿಯಾಗಿ, ಅದರ ಕಣಗಳಿಗೆ ದೇಹ ತೋರಿದ ಪ್ರತಿಕ್ರಿಯೆಯಿಂದ ಸುತ್ತಲಿನ ಮೂಳೆಯೇ ಕರಗಿ, ಅನೇಕರು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಇಂದಿನ ಕೃತಕ ಕೀಲುಗಳು ಲೋಹ ಮತ್ತು ಅತಿ ಹೆಚ್ಚು ಅಣುತೂಕದ ಪಾಲಿಥೀನ್‌ನಿಂದ ಮಾಡಿದವು. ಅವುಗಳ ಅನುಭವ ಬಹಳ ಮೇಲು. ರೋಗಿಯದೇ ಪಕ್ಕೆಲುಬಿನ ತುಂಡನ್ನು ತೆಗೆದು ಕೂರಿಸುವ ಹಳೆಯ ಕ್ರಮ ಉರಿಯೂತದ ಸಂಧಿವಾತದಲ್ಲಿ ಅಷ್ಟು ಹೊಂದುವುದಿಲ್ಲ, ಕೂರಿಸಿದ ಮೂಳೆಯೂ ಕರಗುವ ಸಾಧ್ಯತೆಯಿರುವುದರಿಂದ.

ಹಲ್ಲು ಮತ್ತು ವಸಡಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ವಸಡಿನ ಕಾಯಿಲೆ ಮತ್ತು ರುಮಟಾಯ್ಡ್ ಸಂಧಿವಾತ ಜೊತೆಜೊತೆಯಾಗಿ ಕಾಣಿಸುವುದು ಹೆಚ್ಚು. ವಸಡಿನಲ್ಲಿ ನೆಲೆಸುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯ ಪ್ರೋಟೀನುಗಳನ್ನು ಮಾರ್ಪಡಿಸುವ ಕಿಣ್ವವೊಂದನ್ನು ಹೊಂದಿರುವುದು ಸಂಶೋಧಕರ ಕುತೂಹಲ ಕೆರಳಿಸಿದೆ. ಕೆಲವರಿಗೆ ಶೋಗ್ರೆನ್ ಕಾಯಿಲೆಯೂ ಸೇರಿಕೊಂಡು ಬಾಯಿ ಒಣಗುತ್ತದೆ, ಜೊಲ್ಲಿನ ರಕ್ಷಣೆಯಿಲ್ಲದೆ ಹಲ್ಲು ಬೇಗ ಹುಳುಕಾಗುತ್ತದೆ. ಇದರ ಮೇಲೆ ಬ್ರಷ್ ಹಿಡಿಯಲಾಗದ ಬೆರಳು, ಅಗಲವಾಗಿ ತೆರೆಯದ ಬಾಯಿ. ಹಿಡಿ ದಪ್ಪಗಿರುವ, ತಲೆ ಚಿಕ್ಕದಾಗಿರುವ ಬ್ರಷ್ ಅಥವಾ ವಿದ್ಯುತ್ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್ ಇಲ್ಲಿ ಐಷಾರಾಮವಲ್ಲ. ಹಲ್ಲಿನ ವೈದ್ಯರಲ್ಲಿ ಬೆಳಗಿನ ಬಿಗಿತ ಕಳೆದ ಮೇಲಿನ ಹೊತ್ತನ್ನು ಕೇಳಿ ಪಡೆಯಿರಿ, ದೀರ್ಘವಾದ ಒಂದು ಭೇಟಿಗಿಂತ ಚಿಕ್ಕ ಚಿಕ್ಕ ಭೇಟಿಗಳೇ ವಾಸಿ, ನಡುನಡುವೆ ಬಾಯಿ ಮುಚ್ಚಿ ವಿರಮಿಸಲು ಅವಕಾಶ ಕೇಳುವುದಕ್ಕೆ ಸಂಕೋಚ ಬೇಡ.

ಸಭಿಕರ ಪ್ರಶ್ನೆಗಳಲ್ಲಿ ಕೆಲವು.

ಬಾಯಿ ತೆರೆಯುವಾಗ ಟಕ್ ಎಂದು ಸದ್ದಾಗುತ್ತದೆ, ಇದು ಸಂಧಿವಾತ ದವಡೆಗೆ ಬಂದ ಲಕ್ಷಣವೇ ಎಂದು ಒಬ್ಬರು ಕೇಳಿದರು. ಬರಿಯ ಟಕ್ ಸದ್ದು ಆರೋಗ್ಯವಂತರಲ್ಲಿಯೂ ಬಹಳ ಸಾಮಾನ್ಯ. ಬಿಲ್ಲೆ ತನ್ನ ಜಾಗದಿಂದ ಸರಿದು ಮರಳುವಾಗ ಅದು ಉಂಟಾಗುತ್ತದೆ. ನೋವಿಲ್ಲ, ಬಾಯಿ ಸಿಕ್ಕಿಹಾಕಿಕೊಳ್ಳುತ್ತಿಲ್ಲ, ಅಳತೆ ಕುಗ್ಗಿಲ್ಲ ಎಂದಾದರೆ ಚಿಕಿತ್ಸೆ ಬೇಕಿಲ್ಲ. ಹೊಸದಾಗಿ ಕೇಳಿಬರುವ ಕರಕರ ಸದ್ದು, ಅದರ ಜೊತೆಗಿನ ಬೆಳಗಿನ ಬಿಗಿತ ಇವು ತೋರಿಸಿಕೊಳ್ಳಬೇಕಾದವು.

ಹಲ್ಲು ಕೀಳಿಸುವ ಮುನ್ನ ಸಂಧಿವಾತದ ಔಷಧ ನಿಲ್ಲಿಸಬೇಕೇ ಎಂಬುದು ಇನ್ನೊಂದು ಪ್ರಶ್ನೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಬಯಾಲಜಿಕ್ ಔಷಧದ ದಿನವನ್ನು ಹಿಂದೆ ಮುಂದೆ ಮಾಡಬೇಕೇ ಎಂಬುದನ್ನು ಕೆಲಸದ ದೊಡ್ಡಸ್ತಿಕೆ ನೋಡಿ ಸಂಧಿವಾತ ತಜ್ಞರು ಹೇಳುತ್ತಾರೆ. ಬಹುಕಾಲ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡ್ ಮಾತ್ರೆಯನ್ನಂತೂ ಥಟ್ಟನೆ ಬಿಡುವುದು ಅಪಾಯ.

ಮಕ್ಕಳ ಬಗ್ಗೆ ಒಬ್ಬ ತಾಯಿ ಕೇಳಿದರು. ಮಕ್ಕಳಲ್ಲಿ ಬರುವ ಸಂಧಿವಾತ ಬೇರೆಯದೇ ಗುಂಪಿನ ಕಾಯಿಲೆ, ಆದರೆ ದವಡೆಯ ಮಟ್ಟಿಗೆ ಅಲ್ಲಿ ಹೆಚ್ಚು ಎಚ್ಚರ ಬೇಕು. ಕೆಳದವಡೆಯ ಬೆಳವಣಿಗೆಗೆ ಮುಖ್ಯವಾದ ತಾಣವೊಂದು ಕಾಂಡೈಲಿನ ಮೇಲ್ಪದರದಲ್ಲೇ ಇರುವುದರಿಂದ, ಉರಿಯೂತ ಅದನ್ನು ತಟ್ಟಿದರೆ ಗಲ್ಲ ಚಿಕ್ಕದಾಗಿ, ಹಿಂದೆ ಸರಿದು, ಮುಖ ಓರೆಯಾಗಿ ಬೆಳೆಯಬಹುದು. ಮಗು ನೋವೆಂದು ಹೇಳದೆಯೂ ಇದು ನಡೆಯುತ್ತದೆ. ಆದ್ದರಿಂದ ದೂರಿಗೆ ಕಾಯದೆ ಪ್ರತಿ ಭೇಟಿಯಲ್ಲಿಯೂ ಬಾಯಿ ತೆರೆಯುವಿಕೆಯನ್ನು ಅಳೆಯಬೇಕು, ಗಲ್ಲ ಒಂದು ಬದಿಗೆ ವಾಲುತ್ತಿದೆಯೇ ಎಂದು ನೋಡಬೇಕು, ಅನುಮಾನವಿದ್ದರೆ ಎಂಆರ್‌ಐ ಮಾಡಿಸಬೇಕು. ಕೀಲಿನೊಳಗೆ ಸ್ಟೆರಾಯ್ಡ್ ಚುಚ್ಚುವುದನ್ನು ಬೆಳೆಯುವ ಮಕ್ಕಳಲ್ಲಿ ಆದಷ್ಟು ತಪ್ಪಿಸುತ್ತಾರೆ.

ಕೊನೆಯ ಪ್ರಶ್ನೆ, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ದವಡೆಯ ವಿಷಯವನ್ನು ಹೇಳಬೇಕೇ ಎಂಬುದು. ಹೇಳಲೇಬೇಕು. ಪೂರ್ಣ ಅರಿವಳಿಕೆ ಕೊಡುವಾಗ ಸಾಮಾನ್ಯವಾಗಿ ಬಾಯಿಯನ್ನು ಅಗಲವಾಗಿ ತೆರೆದು, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ಧ್ವನಿಪೆಟ್ಟಿಗೆಯ ಮೂಲಕ ಉಸಿರಿನ ಕೊಳವೆ ಇಳಿಸುತ್ತಾರೆ. ರುಮಟಾಯ್ಡ್ ಸಂಧಿವಾತ ಈ ಮೂರು ಜಾಗಗಳಲ್ಲಿಯೂ ಅಡ್ಡ ಬರಬಹುದು: ದವಡೆ ತೆರೆಯದಿರಬಹುದು, ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿ ಬೆನ್ನುಹುರಿಗೆ ಅಪಾಯವಿರಬಹುದು, ಧ್ವನಿಪೆಟ್ಟಿಗೆಯ ಪುಟ್ಟ ಕೀಲುಗಳು ಊದಿ ದಾರಿ ಕಿರಿದಾಗಿರಬಹುದು. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಕುತ್ತಿಗೆಯಲ್ಲಿ ನೋವು ಅಥವಾ ಕೈಗಳಲ್ಲಿ ಜೋಮು ಇದೆಯೇ, ಧ್ವನಿ ಒರಟಾಗಿದೆಯೇ ಎಂಬ ಮೂರು ಸಂಗತಿಗಳನ್ನು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ, ಅವರು ಕೇಳದಿದ್ದರೂ ತಿಳಿಸಿ. ಗೊತ್ತಿದ್ದರೆ ಅವರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಬಾಗುವ ದರ್ಶಕ ನಳಿಕೆಯ ನೆರವಿನಿಂದ ಕೊಳವೆ ಇಳಿಸಲು, ಇಲ್ಲವೇ ಸೊಂಟದಿಂದ ಕೆಳಗೆ ಮಾತ್ರ ಅರಿವಳಿಕೆ ಕೊಡಲು ಮೊದಲೇ ಸಿದ್ಧತೆ ಮಾಡಿಕೊಳ್ಳುತ್ತಾರೆ.